ಬೇರೆ ಹೆಸರಿನ ರಾಯಭಾರ



ಒಂದು ಸಣ್ಣ ಪ್ರಶ್ನೆಯಿಂದ ಮಾತು ಶುರು ಮಾಡುತ್ತೇನೆ. ಕೋಲಾರದ ಹುಡುಗಿಯೊಬ್ಬಳು ಚಿಪ್ ತಯಾರಿಕೆಯ ವಿದ್ಯೆ ಕಲಿಯಲು ತೈವಾನಿನ ಶಿಂಚು ನಗರಕ್ಕೆ ಹೊರಟಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳಿಗೆ ವೀಸಾ ಕೊಡುವವರು ಯಾರು? ಭಾರತದಲ್ಲಿ ತೈವಾನಿನ ರಾಯಭಾರ ಕಚೇರಿ ಇಲ್ಲ, ತೈವಾನಿನಲ್ಲಿ ಭಾರತದ್ದೂ ಇಲ್ಲ. ಅವಳ ಅರ್ಜಿ ಹೋಗುವುದು ಚೆನ್ನೈಯಲ್ಲಿರುವ ‘ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ’ಕ್ಕೆ. ಹೆಸರು ಕೇಳಿದರೆ ವರ್ತಕರ ಸಂಘವೋ ಕಲಾಸಂಸ್ಥೆಯೋ ಇರಬೇಕು ಅನ್ನಿಸುತ್ತದೆ. ತೈವಾನಿಗೆ ಹೋದ ಮೇಲೆ ಅವಳ ಪಾಸ್‌ಪೋರ್ಟ್ ಕಳೆದುಹೋದರೆ ಅವಳು ಹುಡುಕಿಕೊಂಡು ಹೋಗಬೇಕಾದದ್ದು ‘ಇಂಡಿಯಾ-ತೈಪೆ ಅಸೋಸಿಯೇಷನ್’ ಎಂಬ ಕಚೇರಿಯನ್ನು. ಅಸೋಸಿಯೇಷನ್ ಎಂದರೆ ಸಂಘ. ಆದರೆ ಆ ಸಂಘದ ಮುಖ್ಯಸ್ಥರು ಭಾರತೀಯ ವಿದೇಶಾಂಗ ಸೇವೆಯ ಅಧಿಕಾರಿ. ಅಲ್ಲಿ ಸಿಗುವ ಪಾಸ್‌ಪೋರ್ಟ್ ಭಾರತ ಗಣರಾಜ್ಯದ ಪಾಸ್‌ಪೋರ್ಟೇ.

ಇಂಥ ಕಚೇರಿಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಎರಡು ಸರ್ಕಾರಗಳ ನಡುವೆ ರಾಜತಾಂತ್ರಿಕ ಸಂಬಂಧ ಇಲ್ಲದಿದ್ದರೂ ರಾಯಭಾರದ ಕೆಲಸವನ್ನೆಲ್ಲ ಬೇರೆ ಹೆಸರಿನಲ್ಲಿ ಮಾಡುವ ಕಚೇರಿಗಳಿವು. ಇವನ್ನು ಬರೀ ನೆಪ ಎಂದು ತಳ್ಳಿಹಾಕುವವರಿದ್ದಾರೆ. ಹಲವು ವರ್ಷ ಈ ವಿಷಯವನ್ನು ಓದಿ, ಪಾಠ ಹೇಳಿ ನನಗೆ ಅನ್ನಿಸಿರುವುದು ಬೇರೆ. ಸರ್ಕಾರಗಳು ಒಪ್ಪುವ ತನಕ ಜನರ ಬದುಕು ಕಾಯಲಾರದು. ಆ ಇಕ್ಕಟ್ಟಿನಲ್ಲಿ ಹುಟ್ಟಿದ, ಗೌರವಕ್ಕೆ ಅರ್ಹವಾದ ವ್ಯವಸ್ಥೆ ಇದು. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಎರಡನ್ನೂ ನಿಮ್ಮ ಮುಂದಿಡುತ್ತೇನೆ.

1. ಹೆಸರು ಮತ್ತು ಕೆಲಸ

ರಾಯಭಾರ ನಮಗೆ ಹೊಸ ಮಾತಲ್ಲ. ಪಾಂಡವರ ಪರವಾಗಿ ಕೃಷ್ಣ ಹಸ್ತಿನಾವತಿಗೆ ಸಂಧಿಗೆಂದು ಹೋದ ಕಥೆಯನ್ನು ಗಮಕಿಗಳ ಬಾಯಲ್ಲಿ, ಯಕ್ಷಗಾನದ ರಂಗದಲ್ಲಿ ಕೇಳುತ್ತ ಬೆಳೆದವರು ನಾವು. ಆ ರಾಯಭಾರಿಗೆ ಕಚೇರಿ ಇರಲಿಲ್ಲ, ನಾಮಫಲಕ ಇರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಹೊಣೆಯಷ್ಟೇ ಇತ್ತು.

ಈ ಕಾಲದ ರಾಯಭಾರಕ್ಕೆ ಬರಹದ ನಿಯಮಗಳಿವೆ. 1961ರ ವಿಯೆನ್ನಾ ಒಪ್ಪಂದ ರಾಯಭಾರ ಕಚೇರಿಯ ಕೆಲಸಗಳನ್ನು ಪಟ್ಟಿ ಮಾಡುತ್ತದೆ: ತನ್ನ ದೇಶವನ್ನು ಪ್ರತಿನಿಧಿಸುವುದು, ತನ್ನ ದೇಶದ ಮತ್ತು ಪ್ರಜೆಗಳ ಹಿತ ಕಾಯುವುದು, ಮಾತುಕತೆ ನಡೆಸುವುದು, ಅಲ್ಲಿನ ಸ್ಥಿತಿಗತಿ ತಿಳಿದು ವರದಿ ಮಾಡುವುದು, ಸ್ನೇಹ ಮತ್ತು ವ್ಯಾಪಾರ ಬೆಳೆಸುವುದು. ಸಂಬಂಧ ಏರ್ಪಡುವುದು ಎರಡೂ ದೇಶಗಳ ಒಪ್ಪಿಗೆಯಿಂದ ಮಾತ್ರ ಎಂದೂ ಅದು ಹೇಳುತ್ತದೆ. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೊದಲನೆಯದನ್ನು ಬಿಟ್ಟರೆ ಉಳಿದ ಕೆಲಸಗಳಿಗೆ ಬಾವುಟ ಬೇಕೇಬೇಕು ಎಂದೇನೂ ಇಲ್ಲ. ನಂಬಿಕೆ ಬೇಕು, ನುರಿತ ಮನುಷ್ಯರು ಬೇಕು, ಕುಳಿತು ಕೆಲಸ ಮಾಡಲು ಒಂದು ಕೋಣೆ ಬೇಕು.

ಹೆಸರಿಗೂ ಕೆಲಸಕ್ಕೂ ಹೊಂದಿಕೆಯಾಗದ ಕಚೇರಿಯನ್ನು ಕರ್ನಾಟಕ ಹಿಂದೆಯೇ ಕಂಡಿದೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿ ಒಪ್ಪಿಸಿದ ಮೇಲೆ ಬ್ರಿಟಿಷರ ‘ರೆಸಿಡೆಂಟ್’ ಬೆಂಗಳೂರಿನಲ್ಲಿ ಇದ್ದರು. ಅವರ ಬಂಗಲೆಯೇ ಇಂದಿನ ರಾಜಭವನ. ರೆಸಿಡೆನ್ಸಿ ರಸ್ತೆಯ ಹೆಸರಿನಲ್ಲಿ ಆ ನೆನಪು ಇನ್ನೂ ಇದೆ. ರೆಸಿಡೆಂಟ್ ಎಂದರೆ ಬರೀ ‘ನಿವಾಸಿ’. ಆ ಸಾಧು ಹೆಸರಿನ ಹಿಂದೆ ಚಕ್ರಾಧಿಪತ್ಯದ ಕಣ್ಣಿತ್ತು, ಕೈಯಿತ್ತು. ಅಲ್ಲಿ ಸಣ್ಣ ಹೆಸರು ದೊಡ್ಡ ಅಧಿಕಾರವನ್ನು ಮರೆಮಾಡಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ದೇಶದ್ದೇ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಭಾರತಕ್ಕೆ ಸ್ವಂತ ರಾಯಭಾರಿಯನ್ನು ಕಳಿಸುವ ಹಕ್ಕಿರಲಿಲ್ಲ. ಆದರೂ ವಾಷಿಂಗ್ಟನ್ನಿನಲ್ಲಿ, ಚೀನಾದ ಯುದ್ಧಕಾಲದ ರಾಜಧಾನಿ ಚುಂಗ್‌ಕಿಂಗ್‌ನಲ್ಲಿ ಭಾರತದ ‘ಏಜೆಂಟ್ ಜನರಲ್’ ಇದ್ದರು. 1941ರಲ್ಲಿ ಗಿರಿಜಾ ಶಂಕರ್ ಬಾಜಪೇಯಿ ವಾಷಿಂಗ್ಟನ್ನಿಗೆ ಹೋದದ್ದು ಆ ಹೆಸರಿನಲ್ಲಿ. 1943ರಲ್ಲಿ ಕೆ. ಪಿ. ಎಸ್. ಮೆನನ್ ಚುಂಗ್‌ಕಿಂಗ್‌ಗೆ ಹೋದದ್ದೂ ಅದೇ ಹೆಸರಿನಲ್ಲಿ. ಮುಂದೆ ಸ್ವತಂತ್ರ ಭಾರತದ ವಿದೇಶಾಂಗ ಇಲಾಖೆಯನ್ನು ಕಟ್ಟಿದವರಲ್ಲಿ ಈ ಇಬ್ಬರೂ ಮುಖ್ಯರು. ರಾಯಭಾರಿ ಎನ್ನಿಸಿಕೊಳ್ಳದೆ ರಾಯಭಾರ ಮಾಡುವ ಕಷ್ಟ ಏನೆಂದು ನಮ್ಮ ಹಿರಿಯರಿಗೆ ಅನುಭವದಿಂದಲೇ ಗೊತ್ತಿತ್ತು.

2. ಬಾವುಟ ಇಳಿದ ಮೇಲೆ

ಈಗ ತೈವಾನಿಗೆ ಬರೋಣ. 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಷೇಕ್ ಸರ್ಕಾರ ಈ ದ್ವೀಪಕ್ಕೆ ಬಂದು ನೆಲೆಸಿತು. ಬೀಜಿಂಗ್‌ನಲ್ಲಿ ಚೀನಾ ಜನತಾ ಗಣರಾಜ್ಯ, ತೈಪೆಯಲ್ಲಿ ಚೀನಾ ಗಣರಾಜ್ಯ. ಇಡೀ ಚೀನಾಕ್ಕೆ ತಾನೇ ನಿಜವಾದ ಸರ್ಕಾರ ಎಂದು ಎರಡೂ ಹೇಳಿದವು. ಒಂದರ ಜೊತೆ ಸಂಬಂಧ ಬೇಕಿದ್ದವರು ಇನ್ನೊಂದನ್ನು ಬಿಡಬೇಕಾಯಿತು. 1971ರ ಅಕ್ಟೋಬರ್ 25ರಂದು ವಿಶ್ವಸಂಸ್ಥೆಯ ಮಹಾಸಭೆ ಚೀನಾದ ಸ್ಥಾನವನ್ನು ಬೀಜಿಂಗ್‌ಗೆ ಕೊಟ್ಟಿತು. ಪರವಾಗಿ 76 ಮತ, ವಿರುದ್ಧ 35, ತಟಸ್ಥ 17. ಆಮೇಲೆ ತೈಪೆಯಲ್ಲಿ ಒಂದರ ಹಿಂದೊಂದು ಬಾವುಟ ಇಳಿಯತೊಡಗಿತು.

ಬಾವುಟ ಇಳಿದ ಮಾತ್ರಕ್ಕೆ ಹಡಗುಗಳು ನಿಲ್ಲಲಿಲ್ಲ. 1972ರ ಸೆಪ್ಟೆಂಬರ್ 29ರಂದು ಜಪಾನ್ ಬೀಜಿಂಗ್ ಸರ್ಕಾರವನ್ನು ಮಾನ್ಯ ಮಾಡಿತು. ಆದರೆ ಜಪಾನಿಗೂ ತೈವಾನಿಗೂ ನಡುವೆ ವ್ಯಾಪಾರವಿತ್ತು, ವಿದ್ಯಾರ್ಥಿಗಳಿದ್ದರು, ಮದುವೆಗಳಾಗಿದ್ದವು. ಅದೇ ಡಿಸೆಂಬರ್‌ನಲ್ಲಿ ಜಪಾನ್ ‘ವಿನಿಮಯ ಸಂಘ’ ಎಂಬ ಖಾಸಗಿ ಸಂಸ್ಥೆಯನ್ನು ಹುಟ್ಟುಹಾಕಿತು. ತೈವಾನ್ ತನ್ನ ಕಡೆಯಿಂದ ‘ಪೂರ್ವ ಏಷ್ಯಾ ಸಂಬಂಧಗಳ ಸಂಘ’ವನ್ನು ಮಾಡಿಕೊಂಡಿತು. ರಾಯಭಾರ ಕಚೇರಿ ಮುಚ್ಚಿದ ಮೂರು ತಿಂಗಳೊಳಗೆ ಅದರ ಕೆಲಸ ಬೇರೆ ಹೆಸರಿನಲ್ಲಿ ಮತ್ತೆ ಶುರುವಾಗಿತ್ತು. ಇದಕ್ಕೆ ‘ಜಪಾನ್ ಸೂತ್ರ’ ಎಂಬ ಹೆಸರು ಬಿತ್ತು. ಮುಂದೆ ಅನೇಕ ದೇಶಗಳು ಇದೇ ದಾರಿ ಹಿಡಿದವು.

ಈ ಸೂತ್ರಕ್ಕೆ ಕಾನೂನಿನ ಭದ್ರ ಅಡಿಪಾಯ ಸಿಕ್ಕಿದ್ದು ಅಮೆರಿಕದಲ್ಲಿ. 1978ರ ಡಿಸೆಂಬರ್ 15ರ ರಾತ್ರಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬೀಜಿಂಗ್ ಜೊತೆ ಸಂಬಂಧ ಘೋಷಿಸಿದರು. ತೈಪೆಯಲ್ಲಿದ್ದ ರಾಯಭಾರಿ ಲಿಯೊನಾರ್ಡ್ ಉಂಗರ್ ನಡುರಾತ್ರಿ ಕಳೆದ ಮೇಲೆ ಅಲ್ಲಿನ ಅಧ್ಯಕ್ಷ ಚಿಯಾಂಗ್ ಚಿಂಗ್-ಕುವೊ ಅವರನ್ನು ಎಬ್ಬಿಸಿ ಈ ಸುದ್ದಿ ಹೇಳಬೇಕಾಯಿತು. ಜಗತ್ತಿಗೆ ತಿಳಿಯುವ ಕೆಲವೇ ಗಂಟೆ ಮುಂಚೆ. ಅದೇ ತಿಂಗಳ ಕೊನೆಯಲ್ಲಿ ಮಾತುಕತೆಗೆ ಬಂದ ಅಮೆರಿಕನ್ ನಿಯೋಗದ ಕಾರುಗಳನ್ನು ತೈಪೆಯ ಬೀದಿಯಲ್ಲಿ ಜನ ಮುತ್ತಿದರು. ಆ ಸಿಟ್ಟನ್ನು ಅರ್ಥ ಮಾಡಿಕೊಳ್ಳಬಹುದು. ಮೂವತ್ತು ವರ್ಷ ನಂಬಿದ ಬಾಗಿಲು ಒಂದು ರಾತ್ರಿಯಲ್ಲಿ ಮುಚ್ಚಿತ್ತು.

ಮುಚ್ಚಿದ ಆ ಬಾಗಿಲಿನ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆಯಿತು. 1979ರ ಜನವರಿ 16ರಂದು ‘ಅಮೆರಿಕನ್ ಇನ್‌ಸ್ಟಿಟ್ಯೂಟ್ ಇನ್ ತೈವಾನ್’ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾಯಿತು. ಏಪ್ರಿಲ್ 10ರಂದು ‘ತೈವಾನ್ ಸಂಬಂಧಗಳ ಕಾಯ್ದೆ’ಗೆ ಕಾರ್ಟರ್ ಸಹಿ ಹಾಕಿದರು. ಕೆಳಮನೆಯಲ್ಲಿ 339ಕ್ಕೆ 50, ಸೆನೆಟ್‌ನಲ್ಲಿ 85ಕ್ಕೆ 4 ಮತಗಳಿಂದ ಅದು ಅಂಗೀಕಾರವಾಗಿತ್ತು. ಅಮೆರಿಕದ ಕಾನೂನುಗಳಲ್ಲಿ ವಿದೇಶ, ರಾಷ್ಟ್ರ, ಸರ್ಕಾರ ಎಂಬ ಪದಗಳು ಬರುವಲ್ಲೆಲ್ಲ ಅವು ತೈವಾನಿಗೂ ಅನ್ವಯಿಸುತ್ತವೆ ಎಂದು ಆ ಕಾಯ್ದೆ ಹೇಳಿತು. ಇದನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ‘ನೀನು ದೇಶ’ ಎಂದು ಅಮೆರಿಕ ಹೇಳಲಿಲ್ಲ. ‘ದೇಶಕ್ಕೆ ಸಲ್ಲುವುದೆಲ್ಲ ನಿನಗೂ ಸಲ್ಲುತ್ತದೆ’ ಎಂದಿತು. ಹಳೆಯ ಒಪ್ಪಂದಗಳು, ಸಾಲಗಳು, ಆಸ್ತಿ, ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕು ಎಲ್ಲವೂ ಆ ಒಂದು ವಾಕ್ಯದ ಆಸರೆಯಲ್ಲಿ ಉಳಿದವು.

ಹೆಸರಿನ ಬದಲಾವಣೆ ಮನುಷ್ಯರ ಬದುಕಿನಲ್ಲಿ ಏನು ಮಾಡಿತು ಎಂಬುದನ್ನೂ ನೋಡಬೇಕು. ಆ ಸಂಸ್ಥೆಗೆ ಹೋಗುವ ಅಮೆರಿಕನ್ ರಾಜತಾಂತ್ರಿಕರು ಮೊದಲು ಸರ್ಕಾರಿ ಸೇವೆಯಿಂದ ಹೊರಬರಬೇಕಿತ್ತು. ಅಲ್ಲಿನ ಅವಧಿ ಮುಗಿದ ಮೇಲೆ ಮತ್ತೆ ಸೇವೆಗೆ ಸೇರಲು ಕಾಯ್ದೆಯೇ ಅವಕಾಶ ಇಟ್ಟಿತ್ತು. ಈ ಶತಮಾನದ ಆರಂಭದಲ್ಲಿ ನಿಯಮ ಬದಲಾಗುವ ತನಕ ಇದು ನಡೆಯಿತು. ತಮ್ಮ ದೇಶದ ಕೆಲಸಕ್ಕಾಗಿಯೇ ತಮ್ಮ ದೇಶದ ನೌಕರಿ ಬಿಟ್ಟು ಹೋದವರು ಅವರು.

ಇನ್ನು ಎರಡು ಮನೆಗಳ ಕಥೆ. ತೈಪೆಯಲ್ಲಿ ಅಮೆರಿಕದ ರಾಯಭಾರಿ ವಾಸವಿದ್ದ ಹಳೆಯ ಬಂಗಲೆ 1979ರ ನಂತರ ಖಾಲಿ ಬಿತ್ತು. ಇಂದು ಅದು ಒಳ್ಳೆಯ ಸಿನಿಮಾಗಳನ್ನು ತೋರಿಸುವ ಚಿತ್ರಮಂದಿರ. ಇತ್ತ ವಾಷಿಂಗ್ಟನ್ನಿನಲ್ಲಿ ತೈವಾನಿನ ರಾಯಭಾರಿಗಳಿದ್ದ ‘ಟ್ವಿನ್ ಓಕ್ಸ್’ ಎಂಬ ಮನೆಯಿದೆ. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಅವರ ಮಾವ ಅದನ್ನು 1888ರಲ್ಲಿ ಕಟ್ಟಿಸಿದ್ದು. ಅದು ಬೀಜಿಂಗ್ ಪಾಲಾಗದಿರಲೆಂದು 1978ರ ಡಿಸೆಂಬರ್‌ನಲ್ಲಿ ತೈವಾನ್ ಅದನ್ನು ಕೇವಲ 10 ಡಾಲರಿಗೆ ಸ್ನೇಹಿತರ ಸಂಘವೊಂದಕ್ಕೆ ಮಾರಿತು. 1982ರಲ್ಲಿ ಮರಳಿ ಕೊಂಡುಕೊಂಡಿತು. ಅಲ್ಲಿ ಔತಣಗಳು ನಡೆಯುತ್ತವೆ, ಅತಿಥಿಗಳು ಬರುತ್ತಾರೆ. 2015ರ ಹೊಸ ವರ್ಷದ ದಿನ ಅದರ ಅಂಗಳದಲ್ಲಿ ತೈವಾನಿನ ಬಾವುಟ ಹಾರಿಸಿದಾಗ ಅಮೆರಿಕ ಸರ್ಕಾರ ಆಕ್ಷೇಪಿಸಿತು. ಊಟಕ್ಕೆ ಅಡ್ಡಿಯಿಲ್ಲ, ಮಾತಿಗೆ ಅಡ್ಡಿಯಿಲ್ಲ, ಬಾವುಟಕ್ಕೆ ಮಾತ್ರ ಅಡ್ಡಿ. ಈ ವ್ಯವಸ್ಥೆಯ ಗೆರೆ ಎಲ್ಲಿದೆ ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಘಟನೆ ಇನ್ನೊಂದಿಲ್ಲ.

ಗೆರೆ ಇನ್ನೊಂದು ಕಡೆಯೂ ಇದೆ. ವಿಯೆನ್ನಾ ಒಪ್ಪಂದದ ರಕ್ಷಣೆ ಈ ಅಧಿಕಾರಿಗಳಿಗೆ ತಾನಾಗಿ ಸಿಗುವುದಿಲ್ಲ. ಪ್ರತ್ಯೇಕ ಒಪ್ಪಂದ ಎಷ್ಟು ಕೊಡುತ್ತದೋ ಅಷ್ಟೇ. 2011ರ ನವೆಂಬರ್‌ನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿದ್ದ ತೈವಾನ್ ಕಚೇರಿಯ ಮುಖ್ಯಸ್ಥೆಯನ್ನು ಮನೆಗೆಲಸದವಳ ಸಂಬಳ ಮತ್ತು ಕರಾರಿನ ವಂಚನೆಯ ಆರೋಪದ ಮೇಲೆ ಬಂಧಿಸಿದರು. ಅಮೆರಿಕ ಮತ್ತು ತೈವಾನ್ ಕಡೆಯವರ ನಡುವಿನ 1980ರ ಒಪ್ಪಂದದ ರಕ್ಷಣೆ ಇದ್ದದ್ದು ಕಚೇರಿಯ ಕೆಲಸಕ್ಕೆ, ಮನೆಯ ವ್ಯವಹಾರಕ್ಕಲ್ಲ. ಆಕೆ ತಪ್ಪೊಪ್ಪಿಕೊಂಡರು. ಬಡ ಹೆಣ್ಣುಮಗಳೊಬ್ಬಳಿಗೆ ನ್ಯಾಯ ಸಿಕ್ಕಿತು ಎಂಬುದು ಸಮಾಧಾನದ ಸಂಗತಿ. 2013ರಲ್ಲಿ ಎರಡೂ ಕಡೆಯವರು ಹೊಸ ಒಪ್ಪಂದ ಮಾಡಿಕೊಂಡರು.

3. ಮಾತು ಬಿಟ್ಟ ಮನೆಗಳು

ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು ಮುಂದಿನ ಭಾಗದಲ್ಲಿದೆ. ನಮ್ಮ ಹಳ್ಳಿಗಳಲ್ಲಿ ದಾಯಾದಿಗಳ ಮನೆಗಳು ಮಾತು ಬಿಟ್ಟಿರುತ್ತವೆ. ಆದರೂ ಹೊಲಕ್ಕೆ ನೀರು ಹಾಯಿಸುವ ಸರದಿ ಬಂದಾಗ, ಮನೆಯಲ್ಲಿ ಸಾವಾದಾಗ ಮೂರನೆಯವರ ಮೂಲಕ ಹೇಳಿ ಕಳಿಸುತ್ತಾರೆ. ಚೀನಾ ಮತ್ತು ತೈವಾನ್ ಕೂಡ ಹಾಗೆಯೇ ಮಾಡಿದವು.

1949ರಲ್ಲಿ ದ್ವೀಪಕ್ಕೆ ಬಂದ ಸೈನಿಕರು ಲಕ್ಷಗಟ್ಟಲೆ. ತಾಯಿ, ಹೆಂಡತಿ, ಮಕ್ಕಳನ್ನು ಆಚೆ ದಡದಲ್ಲಿ ಬಿಟ್ಟು ಬಂದವರು ಬಹಳ ಮಂದಿ. 1987ರ ನವೆಂಬರ್‌ನಲ್ಲಿ, 38 ವರ್ಷಗಳ ನಂತರ, ಬಂಧುಗಳನ್ನು ನೋಡಲು ಆಚೆ ಹೋಗಬಹುದು ಎಂದು ತೈವಾನ್ ಸರ್ಕಾರ ಅನುಮತಿ ಕೊಟ್ಟಿತು. ಮುದುಕರಾದ ಮಕ್ಕಳು ಸಮುದ್ರ ದಾಟಿ ಊರಿಗೆ ಹೋದರು. ಹೋಗಿಬರುವುದು ಶುರುವಾದ ಕೂಡಲೇ ಕಾಗದಪತ್ರದ ತೊಡಕುಗಳು ಎದ್ದವು. ಇವನು ಆ ತಂದೆಯ ಮಗನೇ ಎಂದು ದೃಢೀಕರಿಸುವವರು ಯಾರು? ಆಚೆ ದಡದಲ್ಲಿ ಆದ ಮದುವೆಯ ಪತ್ರವನ್ನು ಈಚೆ ದಡದ ನ್ಯಾಯಾಲಯ ಒಪ್ಪುವುದು ಹೇಗೆ? ಕಳಿಸಿದ ರಿಜಿಸ್ಟರ್ಡ್ ಅಂಚೆ ಕಳೆದುಹೋದರೆ ಯಾರನ್ನು ಕೇಳುವುದು?

ಸರ್ಕಾರಗಳು ಪರಸ್ಪರ ಮಾತಾಡುವಂತಿರಲಿಲ್ಲ. ಹಾಗಾಗಿ ತೈವಾನ್ ‘ಜಲಸಂಧಿ ವಿನಿಮಯ ಪ್ರತಿಷ್ಠಾನ’ ಎಂಬ ಖಾಸಗಿ ಸಂಸ್ಥೆಯನ್ನು, ಚೀನಾ ಅದಕ್ಕೆ ಸಮನಾದ ಒಂದು ಸಂಘವನ್ನು ಕಟ್ಟಿಕೊಂಡವು. 1993ರ ಏಪ್ರಿಲ್‌ನಲ್ಲಿ ಆ ಎರಡರ ಮುಖ್ಯಸ್ಥರಾದ ಕೂ ಚೆನ್-ಫು ಮತ್ತು ವಾಂಗ್ ದಾವೊಹಾನ್ ಸಿಂಗಾಪುರದಲ್ಲಿ ಎದುರುಬದುರು ಕುಳಿತರು. ಅವರು ಸಹಿ ಹಾಕಿದ ಒಪ್ಪಂದಗಳಲ್ಲಿ ಒಂದು ನೋಟರಿ ಪತ್ರಗಳ ದೃಢೀಕರಣದ್ದು, ಇನ್ನೊಂದು ರಿಜಿಸ್ಟರ್ಡ್ ಅಂಚೆಯ ವಿಚಾರಣೆ ಮತ್ತು ಪರಿಹಾರದ್ದು.

ಯುದ್ಧದ ಭಯದಲ್ಲಿ ನಾಲ್ಕು ದಶಕ ಕಳೆದ ಎರಡು ಕಡೆಯವರು ಆ ಭೇಟಿಯಲ್ಲಿ ಕೈಗೆತ್ತಿಕೊಂಡದ್ದು ನೋಟರಿ ಪತ್ರ ಮತ್ತು ಅಂಚೆ. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಸಾರ್ವಭೌಮತ್ವದ ಪ್ರಶ್ನೆಗೆ ಅಂದೂ ಉತ್ತರ ಇರಲಿಲ್ಲ, ಇಂದೂ ಇಲ್ಲ. ಮುದುಕನೊಬ್ಬನ ಆಸ್ತಿ ಪತ್ರಕ್ಕೆ ಉತ್ತರ ಸಿಕ್ಕಿತು.

4. ನಾವು ಮತ್ತು ಆ ದ್ವೀಪ

ಭಾರತ 1949ರ ಡಿಸೆಂಬರ್ 30ರಂದೇ ಚೀನಾ ಜನತಾ ಗಣರಾಜ್ಯವನ್ನು ಮಾನ್ಯ ಮಾಡಿತು. ನಾನ್‌ಕಿಂಗ್‌ನಲ್ಲಿ ಚಿಯಾಂಗ್ ಸರ್ಕಾರದ ಬಳಿ ನಮ್ಮ ರಾಯಭಾರಿಯಾಗಿದ್ದ ಕೆ. ಎಂ. ಪಣಿಕ್ಕರ್ ಅವರೇ ಮರುವರ್ಷ ಬೀಜಿಂಗ್‌ನಲ್ಲಿ ಹೊಸ ಸರ್ಕಾರದ ಬಳಿ ರಾಯಭಾರಿಯಾದರು. ಅಲ್ಲಿಂದ ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ತೈಪೆಯಲ್ಲಿ ಭಾರತದ್ದು ಎನ್ನುವ ಯಾವ ಬಾಗಿಲೂ ಇರಲಿಲ್ಲ.

ಆ ಬಾಗಿಲು ಇಲ್ಲದ್ದರ ನಷ್ಟ ಎಂಥದೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ನೇತಾಜಿ ಸುಭಾಷ್‌ಚಂದ್ರ ಬೋಸರು 1945ರ ಆಗಸ್ಟ್ 18ರಂದು ಆಗಿನ ತೈಹೊಕುವಿನಲ್ಲಿ, ಅಂದರೆ ಇಂದಿನ ತೈಪೆಯಲ್ಲಿ, ವಿಮಾನ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು ಎಂಬ ಸುದ್ದಿಯ ಸತ್ಯ ತಿಳಿಯಲು 1956ರಲ್ಲಿ ಶಾ ನವಾಜ್ ಖಾನ್ ಸಮಿತಿ ರಚನೆಯಾಯಿತು. ಘಟನೆ ನಡೆಯಿತೆನ್ನುವ ನೆಲಕ್ಕೆ ಸಮಿತಿ ಹೋಗಲಿಲ್ಲ. ಆ ಸರ್ಕಾರದೊಂದಿಗೆ ನಮಗೆ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ಸಾಕ್ಷಿಗಳ ನೆನಪು ಹಸಿಯಾಗಿದ್ದ ವರ್ಷಗಳು ಹಾಗೇ ಕಳೆದವು. 1999ರಲ್ಲಿ ಇದೇ ತನಿಖೆಗೆ ನೇಮಕವಾದ ಮುಖರ್ಜಿ ಆಯೋಗ ತೈವಾನಿಗೆ ಹೋಗಿ ಅಲ್ಲಿನ ಅಧಿಕಾರಿಗಳಿಂದ ಮಾಹಿತಿ ಕೇಳುವ ಹೊತ್ತಿಗೆ ಆರು ದಶಕ ಸಮೀಪಿಸಿತ್ತು. ಆ ವಿವಾದ ಇಂದಿಗೂ ನಮ್ಮ ಜನರ ಮನಸ್ಸಿನಲ್ಲಿ ತೀರಿಲ್ಲ. ಕೇಳಬೇಕಾದ ಕಾಲದಲ್ಲಿ ಕೇಳಲು ಅಲ್ಲಿ ಯಾರಾದರೂ ಇದ್ದಿದ್ದರೆ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಬಾಗಿಲು ತೆರೆದದ್ದು 1995ರಲ್ಲಿ. ತೈಪೆಯಲ್ಲಿ ಇಂಡಿಯಾ-ತೈಪೆ ಅಸೋಸಿಯೇಷನ್, ದೆಹಲಿಯಲ್ಲಿ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ. ಎರಡು ಹೆಸರಿನಲ್ಲೂ ‘ತೈಪೆ’ ಇದೆ, ‘ತೈವಾನ್’ ಇಲ್ಲ. ಊರಿನ ಹೆಸರು ಹೇಳಿದರೆ ದೇಶದ ಪ್ರಶ್ನೆ ಎತ್ತಿದಂತಾಗುವುದಿಲ್ಲ. 2012ರಲ್ಲಿ ಚೆನ್ನೈಯಲ್ಲಿ, 2024ರಲ್ಲಿ ಮುಂಬಯಿಯಲ್ಲಿ ಕಚೇರಿಗಳು ತೆರೆದವು. 2018ರ ಹೂಡಿಕೆ ಒಪ್ಪಂದಕ್ಕೆ, 2024ರ ಫೆಬ್ರವರಿಯಲ್ಲಿ ಭಾರತೀಯ ಕಾರ್ಮಿಕರು ತೈವಾನಿಗೆ ಹೋಗುವ ಬಗ್ಗೆ ಆದ ತಿಳಿವಳಿಕೆ ಪತ್ರಕ್ಕೆ ಸಹಿ ಬಿದ್ದದ್ದು ಈ ಎರಡು ಸಂಸ್ಥೆಗಳ ನಡುವೆ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2017ರಲ್ಲಿ ವಿಸ್ಟ್ರಾನ್ ಎಂಬ ತೈವಾನ್ ಕಂಪನಿ ಬೆಂಗಳೂರಿನಲ್ಲಿ ಐಫೋನ್ ಜೋಡಿಸತೊಡಗಿತು. ಮುಂದೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 2023ರಲ್ಲಿ ಅದು ಟಾಟಾ ಸಮೂಹದ ಕೈಗೆ ಬಂತು. ಅದೇ ವರ್ಷ ತೈವಾನಿನ ಇನ್ನೊಂದು ಕಂಪನಿ ಫಾಕ್ಸ್‌ಕಾನ್ ದೇವನಹಳ್ಳಿಯ ಬಳಿ ಸುಮಾರು 300 ಎಕರೆ ಜಮೀನು ಪಡೆಯಿತು. ಅದರ ಅಧ್ಯಕ್ಷ ಯಂಗ್ ಲಿಯು ಅವರಿಗೆ 2024ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟಿತು. ಹೀಗೆ ಬರುವ ಇಂಜಿನಿಯರುಗಳ ವೀಸಾ, ಹೂಡಿಕೆಯ ರಕ್ಷಣೆ, ಎರಡು ಕಡೆ ತೆರಿಗೆ ಬೀಳದ ಹಾಗೆ ಮಾಡಿದ ಕರಾರು ಎಲ್ಲದರ ಹಿಂದೆ ರಾಯಭಾರ ಎನ್ನಿಸಿಕೊಳ್ಳದ ಈ ಕಚೇರಿಗಳ ದುಡಿಮೆ ಇದೆ. ಮುಂಜಾನೆ ಬಸ್ಸು ಹಿಡಿದು ಆ ಕಾರ್ಖಾನೆಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಸಂಬಳಕ್ಕೂ ಈ ರಾಜತಂತ್ರಕ್ಕೂ ನಂಟಿದೆ.

5. ಹೆಸರಿನ ಬೆಲೆ

ಹಾಗಾದರೆ ಹೆಸರಿನಲ್ಲಿ ಏನೂ ಇಲ್ಲವೇ? ಇದೆ. 2021ರ ನವೆಂಬರ್ 18ರಂದು ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ಇಂಥದೇ ಒಂದು ಕಚೇರಿ ತೆರೆಯಿತು. ‘ತೈಪೆ’ ಎನ್ನುವ ಬದಲು ಅದರ ಹೆಸರಿನಲ್ಲಿ ‘ತೈವಾನ್’ ಎಂದಿತ್ತು. ವ್ಯತ್ಯಾಸ ಇಷ್ಟೇ. ಕೆಲವೇ ದಿನಗಳಲ್ಲಿ ಚೀನಾ ಆ ಪುಟ್ಟ ದೇಶದೊಂದಿಗಿನ ಸಂಬಂಧದ ದರ್ಜೆಯನ್ನು ಇಳಿಸಿತು. ಲಿಥುವೇನಿಯಾದ ಸರಕು ಚೀನಾದ ಬಂದರುಗಳಲ್ಲಿ ಸಿಕ್ಕಿಬಿದ್ದಾಗ ಯುರೋಪಿಯನ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದಿತು. 2024ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾ ತೈವಾನಿನ ಕಚೇರಿಯನ್ನು ರಾಜಧಾನಿ ಪ್ರಿಟೋರಿಯಾದಿಂದ ಹೊರಗೆ ಸಾಗಿಸಲು ಹೇಳಿತು. ಮಾನ್ಯತೆಯ ಆಸರೆ ಇಲ್ಲದ ಕಚೇರಿ ಬಾಡಿಗೆದಾರನ ಹಾಗೆ ಬದುಕಬೇಕು. ಮನೆಯೊಡೆಯನ ಮನಸ್ಸು ಬದಲಾದರೆ ಪೆಟ್ಟಿಗೆ ಕಟ್ಟಬೇಕು.

ತೈವಾನಿನ ಜನಸಂಖ್ಯೆ 2 ಕೋಟಿ 30 ಲಕ್ಷದಷ್ಟು. ಅವರು ತಮ್ಮ ಅಧ್ಯಕ್ಷರನ್ನು ತಾವೇ ಮತ ಹಾಕಿ ಆರಿಸುತ್ತಾರೆ. 2024ರ ಜನವರಿಯಲ್ಲಿ ನೌರು ಸಂಬಂಧ ಕಡಿದುಕೊಂಡ ಮೇಲೆ ಅವರಿಗೆ ಉಳಿದ ಅಧಿಕೃತ ಮಿತ್ರರು 12. ಒಲಿಂಪಿಕ್ಸ್‌ನಲ್ಲಿ ಅವರ ಆಟಗಾರರು ‘ಚೈನೀಸ್ ತೈಪೆ’ ಎಂಬ ಹೆಸರಿನಲ್ಲಿ ಆಡುತ್ತಾರೆ. ಗೆದ್ದವರು ವೇದಿಕೆ ಏರಿದಾಗ ಮೇಲೇರುವುದು ಅವರ ಮನೆಯ ಬಾವುಟ ಅಲ್ಲ. ಸ್ವಂತ ಹೆಸರಿನಿಂದ ಕರೆಸಿಕೊಳ್ಳಲಾಗದ ನೋವು ಸಣ್ಣದಲ್ಲ. ಹರಿದು ಹಂಚಿಹೋಗಿ ಬೇರೆ ಬೇರೆ ಆಡಳಿತಗಳ ಹೆಸರಿನಲ್ಲಿ ಗುರುತಿಸಿಕೊಂಡಿದ್ದ ನಾಡು ನಮ್ಮದು. 1956ರಲ್ಲಿ ಒಂದಾದ ಮೇಲೂ ‘ಕರ್ನಾಟಕ’ ಎಂಬ ಹೆಸರಿಗಾಗಿ 1973ರ ತನಕ ಕಾದೆವು. ಎರಡರ ಚರಿತ್ರೆ ಬೇರೆ ಬೇರೆ, ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೆ ಹೆಸರಿಗಾಗಿ ಕಾಯುವುದು ಏನೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ನನ್ನ ನಿಲುವು ಇದು. ಮಾನ್ಯತೆ ಕೊಡುವುದು, ಬಿಡುವುದು ಸರ್ಕಾರಗಳ ವಿವೇಚನೆ. ಅದರ ಹಿಂದೆ ಗಡಿ, ಸೈನ್ಯ, ವ್ಯಾಪಾರಗಳ ಭಾರವಾದ ಲೆಕ್ಕಗಳಿವೆ. ಆ ಲೆಕ್ಕ ಮುಗಿಯುವ ತನಕ ಜನರ ಬದುಕನ್ನು ಹೊರಗೆ ನಿಲ್ಲಿಸುವುದು ಮಾತ್ರ ಅನ್ಯಾಯ. ಬೇರೆ ಹೆಸರಿನ ಈ ಕಚೇರಿಗಳು ಆ ಅನ್ಯಾಯವನ್ನು ತಡೆದಿವೆ. ಇವು ಯಾರನ್ನೂ ಮೋಸಗೊಳಿಸುತ್ತಿಲ್ಲ. ಅವು ಏನು ಮಾಡುತ್ತವೆ ಎಂಬುದು ಬೀಜಿಂಗ್‌ಗೂ ಗೊತ್ತು, ವಾಷಿಂಗ್ಟನ್ನಿಗೂ ಗೊತ್ತು, ದೆಹಲಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಸಹಿಸಿಕೊಂಡಿರುವ ಈ ಏರ್ಪಾಡು ಜಪಾನ್ ಸೂತ್ರದಿಂದ ಈಚೆಗೆ ಐವತ್ತು ವರ್ಷ ಬಾಳಿದೆ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ ಯುದ್ಧ, ಒಪ್ಪಂದ, ಶೃಂಗಸಭೆಗಳನ್ನು ಓದುತ್ತೀರಿ, ಓದಬೇಕು. ಅದರ ಜೊತೆಗೆ ವೀಸಾ ಕಿಟಕಿಯ ಚರಿತ್ರೆಯನ್ನೂ ಓದಿ, ನೋಟರಿ ಪತ್ರದ ಚರಿತ್ರೆಯನ್ನೂ ಓದಿ. ಕನ್ನಡದಲ್ಲಿ ಅದನ್ನು ಬರೆಯಿರಿ. ಮಣ್ಣಿನ ಮಕ್ಕಳು ಜಗತ್ತಿನ ಮೂಲೆಮೂಲೆಗೆ ಹೋಗುತ್ತಿರುವ ಈ ಕಾಲದಲ್ಲಿ ಪರದೇಶದಲ್ಲಿ ಕಷ್ಟಕ್ಕೆ ಸಿಕ್ಕವರಿಗೆ ತಮ್ಮ ಭಾಷೆ ಬಲ್ಲ ಒಬ್ಬ ಅಧಿಕಾರಿ, ತೆರೆದಿರುವ ಒಂದು ಕಚೇರಿ ಬೇಕು. ಅದರ ಹಲಗೆಯ ಮೇಲೆ ಏನೇ ಬರೆದಿರಲಿ, ಆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ರಾಜ್ಯಗಳ ಧರ್ಮ.